ರುಜು ಯಾರದು, ನೆಲ ಯಾರದು?

ಎರಡು ದೇಶಗಳ ಪ್ರಧಾನಿಗಳು ಒಂದು ಮೇಜಿನ ಮುಂದೆ ಕುಳಿತು ಕಾಗದಕ್ಕೆ ರುಜು ಹಾಕುತ್ತಾರೆ. ಎದ್ದು ನಿಂತು ಕೈ ಕುಲುಕುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಅವರ ಚಿತ್ರ ಬರುತ್ತದೆ. ಆ ಕಾಗದದಲ್ಲಿ ಒಂದು ಊರನ್ನು ಇನ್ನೊಂದು ದೇಶಕ್ಕೆ ಬಿಟ್ಟುಕೊಡುವ ಮಾತಿದ್ದರೆ ಏನಾಗುತ್ತದೆ? ಪ್ರಧಾನಿಯ ರುಜುವೊಂದೇ ಸಾಕೆ? ಸಂಸತ್ತು ಒಪ್ಪಬೇಕೆ? ಆ ಊರು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯವನ್ನು ಕೇಳಬೇಕೆ? ಊರಿನವರನ್ನು ಯಾರಾದರೂ ಕೇಳುತ್ತಾರೆಯೆ?

ಇದು ಊಹೆಯ ಪ್ರಶ್ನೆಯಲ್ಲ. 1958ರ ಸೆಪ್ಟೆಂಬರ್ 10ರಂದು ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಒಂದು ಒಪ್ಪಂದ ಮಾಡಿಕೊಂಡರು. ಪಶ್ಚಿಮ ಬಂಗಾಳದ ಜಲಪಾಯ್‌ಗುರಿ ಜಿಲ್ಲೆಯ ಬೇರುಬಾರಿ ಎಂಬ ಪ್ರದೇಶವನ್ನು ಅಡ್ಡಲಾಗಿ ಎರಡು ಭಾಗ ಮಾಡಿ ದಕ್ಷಿಣದ ಅರ್ಧವನ್ನು ಪಾಕಿಸ್ತಾನಕ್ಕೆ ಕೊಡುವುದು ಅದರ ಒಂದು ಅಂಶವಾಗಿತ್ತು. ಬೇರುಬಾರಿಯ ವಿಸ್ತೀರ್ಣ ಕೇವಲ 8.75 ಚದರ ಮೈಲಿ. ಜನಸಂಖ್ಯೆ ಹತ್ತು ಹನ್ನೆರಡು ಸಾವಿರ. ಭೂಪಟದಲ್ಲಿ ಹುಡುಕಿದರೂ ಸುಲಭಕ್ಕೆ ಕಾಣಸಿಗದ ಈ ಪುಟ್ಟ ನೆಲ, ನಮ್ಮ ಸಂವಿಧಾನದಲ್ಲಿ ಒಡಂಬಡಿಕೆ ಮಾಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ದೊಡ್ಡ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಬಾಗಿಲಿಗೆ ತಂದಿತು.

ಸಂವಿಧಾನ ಹೇಳಿದ್ದು, ಹೇಳದೆ ಬಿಟ್ಟದ್ದು

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅಧಿಕಾರಗಳ ಮೂರು ಪಟ್ಟಿಗಳಿವೆ. ಕೇಂದ್ರ ಪಟ್ಟಿಯ 14ನೇ ನಮೂದು, ವಿದೇಶಗಳೊಡನೆ ಒಡಂಬಡಿಕೆ ಮತ್ತು ಒಪ್ಪಂದಗಳನ್ನು ಮಾಡಿಕೊಳ್ಳುವ ಹಾಗೂ ಅವುಗಳನ್ನು ಜಾರಿಗೆ ತರುವ ವಿಷಯವನ್ನು ಕೇಂದ್ರಕ್ಕೆ ವಹಿಸುತ್ತದೆ. ರಾಜ್ಯಗಳಿಗೆ ಇದರಲ್ಲಿ ಪಾಲಿಲ್ಲ. ಇಷ್ಟರ ಮಟ್ಟಿಗೆ ಸಂವಿಧಾನದ ಮಾತು ಸ್ಪಷ್ಟ.

ಆದರೆ ಕೇಂದ್ರ ಎಂದರೆ ಯಾರು? ಮಂತ್ರಿಮಂಡಲವೆ, ಸಂಸತ್ತೆ? 14ನೇ ನಮೂದು ಇರುವುದು ಸಂಸತ್ತು ಯಾವ ಯಾವ ವಿಷಯಗಳ ಮೇಲೆ ಶಾಸನ ಮಾಡಬಹುದೆಂದು ಹೇಳುವ ಪಟ್ಟಿಯಲ್ಲಿ. ಅಂದರೆ ಒಡಂಬಡಿಕೆಯನ್ನು ಯಾರು, ಹೇಗೆ, ಯಾರ ಒಪ್ಪಿಗೆ ಪಡೆದು ಮಾಡಬೇಕೆಂದು ಸಂಸತ್ತು ಕಾನೂನು ಮಾಡಬಹುದು. ಅಂಥ ಕಾನೂನು ಇಂದಿಗೂ ಬಂದಿಲ್ಲ. ಕಾನೂನು ಇಲ್ಲದಾಗ 73ನೇ ವಿಧಿ ಕೆಲಸ ಮಾಡುತ್ತದೆ. ಸಂಸತ್ತು ಯಾವ ವಿಷಯದ ಮೇಲೆ ಶಾಸನ ಮಾಡಬಲ್ಲುದೋ ಆ ವಿಷಯಗಳಿಗೆಲ್ಲ ಕೇಂದ್ರದ ಕಾರ್ಯಾಂಗದ ಅಧಿಕಾರವೂ ವಿಸ್ತರಿಸುತ್ತದೆ ಎನ್ನುತ್ತದೆ ಈ ವಿಧಿ. ಹೀಗಾಗಿ ಮಾತುಕತೆ ನಡೆಸುವುದು, ರುಜು ಹಾಕುವುದು, ಕೊನೆಗೆ ಅದನ್ನು ಅನುಮೋದಿಸುವುದು ಎಲ್ಲವೂ ಮಂತ್ರಿಮಂಡಲದ ಕೈಯಲ್ಲೇ ಉಳಿದಿವೆ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಅಧ್ಯಕ್ಷರು ಮಾಡಿದ ಒಡಂಬಡಿಕೆಗೆ ಸೆನೆಟ್‌ನಲ್ಲಿ ಹಾಜರಿದ್ದವರ ಪೈಕಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಮೊದಲ ಮಹಾಯುದ್ಧದ ನಂತರ ಅಧ್ಯಕ್ಷ ವುಡ್ರೊ ವಿಲ್ಸನ್ ತಾವೇ ಮುಂದೆ ನಿಂತು ಮಾಡಿಸಿದ ವರ್ಸೈಲ್ಸ್ ಒಡಂಬಡಿಕೆಗೆ 1919ರಲ್ಲೊಮ್ಮೆ, 1920ರಲ್ಲೊಮ್ಮೆ ಈ ಬಹುಮತ ದೊರೆಯಲಿಲ್ಲ. ಅಮೆರಿಕ ರಾಷ್ಟ್ರಸಂಘದ ಹೊರಗೇ ಉಳಿಯಿತು.

ನಮ್ಮ ಪದ್ಧತಿಯ ಬೇರು ಇರುವುದು ಬ್ರಿಟನ್ನಿನಲ್ಲಿ. ಅಲ್ಲಿ ಒಡಂಬಡಿಕೆ ರಾಜನ ವಿಶೇಷಾಧಿಕಾರ. ರಾಜನ ಹೆಸರಿನಲ್ಲಿ ಅದನ್ನು ಚಲಾಯಿಸುವವರು ಮಂತ್ರಿಗಳು. ಸ್ವಾತಂತ್ರ್ಯಕ್ಕೆ ಮೊದಲೇ ಭಾರತದ ಹೆಸರಿನಲ್ಲಿ ಅಂತರರಾಷ್ಟ್ರೀಯ ಪತ್ರಗಳಿಗೆ ರುಜು ಬೀಳುತ್ತಿತ್ತು. ವರ್ಸೈಲ್ಸ್‌ನಲ್ಲಿ ಭಾರತ ರುಜು ಹಾಕಿದ ದೇಶಗಳಲ್ಲೊಂದು. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ರುಜು ಹಾಕಿದ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಮರುವರ್ಷ ಮೈಸೂರಿನ ದಿವಾನರಾಗಿ ಬಂದರು. ಮೈಸೂರು ಸಂಸ್ಥಾನದ ಕೊನೆಯ ದಿವಾನರೂ ಅವರೇ. ಈ ಯಾವ ರುಜುವಿನ ಹಿಂದೆಯೂ ಭಾರತೀಯರು ಆರಿಸಿದ ಸಂಸತ್ತು ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಸಂಸತ್ತು ಬಂದಿತು, ರುಜು ಹಾಕುವ ರೀತಿ ಮಾತ್ರ ಹಾಗೆಯೇ ಮುಂದುವರಿಯಿತು.

ಕೆನಡಾದ ಪಾಠ

ರಾಜ್ಯಗಳನ್ನು ಪೂರಾ ಹೊರಗಿಟ್ಟದ್ದು ಮಾತ್ರ ಆಕಸ್ಮಿಕವಲ್ಲ. 1935ರ ಭಾರತ ಸರ್ಕಾರ ಕಾಯಿದೆಯಲ್ಲಿ, ಪ್ರಾಂತಗಳಿಗೆ ಸೇರಿದ ವಿಷಯದ ಮೇಲೆ ಒಡಂಬಡಿಕೆಯ ಜಾರಿಗಾಗಿ ಕೇಂದ್ರ ಕಾನೂನು ಮಾಡಬೇಕಾದರೆ ಪ್ರಾಂತದ ಗವರ್ನರರ ಪೂರ್ವಾನುಮತಿ ಬೇಕಿತ್ತು. ಎರಡೇ ವರ್ಷಗಳಲ್ಲಿ ಕೆನಡಾದಿಂದ ಒಂದು ಎಚ್ಚರಿಕೆ ಬಂದಿತು. ಕಾರ್ಮಿಕರ ಕೆಲಸದ ಅವಧಿ, ವಾರದ ರಜೆ, ಕನಿಷ್ಠ ವೇತನಗಳ ಬಗ್ಗೆ ಕೆನಡಾ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸೇರಿ ಅದಕ್ಕೆ ತಕ್ಕ ಕಾನೂನುಗಳನ್ನು ಮಾಡಿತ್ತು. ಈ ವಿಷಯಗಳು ಪ್ರಾಂತಗಳಿಗೆ ಸೇರಿದವು, ಒಪ್ಪಂದದ ನೆಪದಲ್ಲಿ ಕೇಂದ್ರ ಅವುಗಳ ಮೇಲೆ ಕೈಹಾಕುವಂತಿಲ್ಲ ಎಂದು 1937ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ಕಾನೂನುಗಳನ್ನು ರದ್ದುಪಡಿಸಿತು. ಲೋಕದೆದುರು ಮಾತು ಕೊಟ್ಟ ಸರ್ಕಾರಕ್ಕೆ ಮನೆಯೊಳಗೆ ಅದನ್ನು ನಡೆಸುವ ಶಕ್ತಿ ಇಲ್ಲದಂತಾಯಿತು.

ನಮ್ಮ ಸಂವಿಧಾನದ 253ನೇ ವಿಧಿ ಈ ತೊಡಕಿಗೆ ಉತ್ತರ. ಯಾವುದೇ ಒಡಂಬಡಿಕೆಯನ್ನು ಅಥವಾ ಅಂತರರಾಷ್ಟ್ರೀಯ ಸಮ್ಮೇಳನದ ನಿರ್ಣಯವನ್ನು ಜಾರಿಗೆ ತರಲು ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಮಾಡಬಹುದು. ವಿಷಯ ರಾಜ್ಯ ಪಟ್ಟಿಯಲ್ಲಿದ್ದರೂ ಅಡ್ಡಿಯಿಲ್ಲ. 1981ರ ವಾಯುಮಾಲಿನ್ಯ ತಡೆ ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆಗಳು 1972ರ ಸ್ಟಾಕ್‌ಹೋಂ ಸಮ್ಮೇಳನದ ನಿರ್ಣಯಗಳನ್ನು ಜಾರಿಗೆ ತರುವ ಹೆಸರಿನಲ್ಲೇ ಬಂದವು. ಇದು ಒಳ್ಳೆಯದಕ್ಕೂ ಆದೀತು. ಆದರೆ ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ರಾಜ್ಯ ಪಟ್ಟಿಯ ಯಾವ ವಿಷಯವೇ ಆಗಲಿ, ವಿದೇಶದೊಡನೆ ಒಂದು ಒಪ್ಪಂದವಾದ ಕೂಡಲೇ ಕೇಂದ್ರದ ಕೈಗೆ ಎಟಕುತ್ತದೆ.

ಬೇರುಬಾರಿ ಕಲಿಸಿದ್ದು

ಈಗ ಬೇರುಬಾರಿಗೆ ಮರಳೋಣ. 1947ರಲ್ಲಿ ಗಡಿ ಗೆರೆ ಎಳೆದ ಸಿರಿಲ್ ರಾಡ್‌ಕ್ಲಿಫ್ ಜಲಪಾಯ್‌ಗುರಿ ಜಿಲ್ಲೆಯನ್ನು ಠಾಣೆವಾರು ಹಂಚುವಾಗ ಬೋಡಾ ಎಂಬ ಠಾಣೆಯ ಹೆಸರನ್ನು ಬರಹದಲ್ಲಿ ಹೇಳದೆ ಬಿಟ್ಟಿದ್ದರು. ಬರಹಕ್ಕೂ ನಕ್ಷೆಗೂ ನಡುವೆ ಬಿದ್ದ ಈ ಬಿರುಕಿನಲ್ಲಿ ಬೇರುಬಾರಿ ಸಿಕ್ಕಿಕೊಂಡಿತು. ಅಂದಿನಿಂದ ಅದು ಪಶ್ಚಿಮ ಬಂಗಾಳದ ಆಡಳಿತದಲ್ಲೇ ಇತ್ತು. 1952ರಲ್ಲಿ ಪಾಕಿಸ್ತಾನ ಅದು ತನ್ನದೆಂದಿತು. 1958ರ ಒಪ್ಪಂದ ಈ ತಗಾದೆಯನ್ನು ಅರ್ಧರ್ಧ ಹಂಚಿ ಮುಗಿಸಲು ಹೊರಟಿತು.

ಬಂಗಾಳದಲ್ಲಿ ದೊಡ್ಡ ಗಲಾಟೆಯಾಯಿತು. ಕೇಂದ್ರದಲ್ಲೂ ರಾಜ್ಯದಲ್ಲೂ ಅಧಿಕಾರದಲ್ಲಿದ್ದುದು ಕಾಂಗ್ರೆಸ್ಸೇ ಆದರೂ ಬಂಗಾಳದ ಶಾಸಕರು ಒಪ್ಪಂದವನ್ನು ವಿರೋಧಿಸಿದರು. 1959ರಲ್ಲಿ ರಾಷ್ಟ್ರಪತಿಗಳು 143ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಇದು ಗಡಿ ಎಲ್ಲಿದೆ ಎಂದು ಗುರುತಿಸುವ ಕೆಲಸವಷ್ಟೇ, ಇದಕ್ಕೆ ಮಂತ್ರಿಮಂಡಲದ ಅಧಿಕಾರವೇ ಸಾಕು ಎಂಬುದು ಸರ್ಕಾರದ ವಾದ.

1960ರ ಮಾರ್ಚ್ 14ರಂದು ಎಂಟು ನ್ಯಾಯಮೂರ್ತಿಗಳ ಪೀಠದ ಪರವಾಗಿ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಅಭಿಪ್ರಾಯ ಬರೆದರು. ಗದಗ ಸೀಮೆಯ ಗಜೇಂದ್ರಗಡವನ್ನು ಹೆಸರಿನಲ್ಲೇ ಹೊತ್ತ ಮನೆತನ ಅವರದು. ಅವರು ಸರ್ಕಾರದ ವಾದವನ್ನು ಒಪ್ಪಲಿಲ್ಲ. ಇಲ್ಲಿ ನಡೆಯುತ್ತಿರುವುದು ಗಡಿ ಗುರುತಿಸುವ ಕೆಲಸವಲ್ಲ, ಭಾರತದ ನೆಲವನ್ನು ಬಿಟ್ಟುಕೊಡುವ ಕೆಲಸ. ಸಾರ್ವಭೌಮ ದೇಶಕ್ಕೆ ತನ್ನ ನೆಲವನ್ನು ಬಿಟ್ಟುಕೊಡುವ ಅಧಿಕಾರ ಇದ್ದೇ ಇದೆ. ಆದರೆ ಅದನ್ನು ಸಂವಿಧಾನ ತೋರಿಸಿದ ದಾರಿಯಲ್ಲೇ ಚಲಾಯಿಸಬೇಕು.

ಆ ದಾರಿ ಯಾವುದು? ರಾಜ್ಯಗಳ ಗಡಿಯನ್ನು ಬದಲಿಸಲು 3ನೇ ವಿಧಿ ಇದೆ. ಅದರಂತೆ ಸಂಸತ್ತಿನ ಸಾಮಾನ್ಯ ಶಾಸನವೊಂದು ಸಾಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ನಡದ ಪ್ರದೇಶಗಳು ವಿಶಾಲ ಮೈಸೂರಿನಲ್ಲಿ ಒಂದಾದುದಕ್ಕೂ ಈ ವಿಧಿಯೇ ಆಧಾರ. ಆದರೆ ಅದು ಮನೆಯೊಳಗಿನ ಕೋಣೆಗಳ ಗೋಡೆ ಸರಿಸುವ ಮಾತು. ಮನೆಯ ಕೋಣೆಯನ್ನೇ ಪಕ್ಕದವರಿಗೆ ಬಿಟ್ಟುಕೊಡಲು ಅದು ಸಾಲದು, ಅದಕ್ಕೆ 368ನೇ ವಿಧಿಯಂತೆ ಸಂವಿಧಾನದ ತಿದ್ದುಪಡಿಯೇ ಆಗಬೇಕು ಎಂದಿತು ಕೋರ್ಟು. ಅದರಂತೆ 1960ರ ಕೊನೆಯಲ್ಲಿ ಒಂಬತ್ತನೇ ತಿದ್ದುಪಡಿ ಬಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕೋರ್ಟು ಪ್ರಧಾನಿಯ ರುಜುವಿಗೆ ಮಿತಿ ಹಾಕಿ ಸಂಸತ್ತಿಗೆ ಪಾಲು ಕೊಟ್ಟಿತು. ರಾಜ್ಯಕ್ಕೆ ಕೊಡಲಿಲ್ಲ. ಇಂಥ ತಿದ್ದುಪಡಿಗೆ ಸಂಸತ್ತಿನ ವಿಶೇಷ ಬಹುಮತ ಸಾಕು, ರಾಜ್ಯ ವಿಧಾನಮಂಡಲಗಳ ಅನುಮೋದನೆ ಬೇಕಿಲ್ಲ. ಬಂಗಾಳದ ಮಾತಿಗೆ ಕಾನೂನಿನಲ್ಲಿ ತೂಕವಿರಲಿಲ್ಲ. ಬೇರುಬಾರಿಯವರ ಮಾತಿಗಂತೂ ಜಾಗವೇ ಇರಲಿಲ್ಲ.

ಗೆರೆಯ ಆಚೆ ಈಚೆ

ನೆಲ ಬಿಡುವುದಕ್ಕೆ ತಿದ್ದುಪಡಿ ಬೇಕು, ಗಡಿ ಗುರುತಿಸುವುದಕ್ಕೆ ಬೇಡ. ಹಾಗಾದರೆ ಯಾವುದು ಬಿಡುವುದು, ಯಾವುದು ಗುರುತಿಸುವುದು? ಮುಂದಿನ ವ್ಯಾಜ್ಯಗಳೆಲ್ಲ ಈ ಗೆರೆಯ ಮೇಲೆಯೇ ನಡೆದವು.

1965ರಲ್ಲಿ ಕಛ್‌ನ ರಣ್ ಪ್ರದೇಶದಲ್ಲಿ ಭಾರತ-ಪಾಕಿಸ್ತಾನಗಳ ನಡುವೆ ಕಾಳಗವಾಯಿತು. ವಿವಾದವನ್ನು ಮೂವರು ಸದಸ್ಯರ ಅಂತರರಾಷ್ಟ್ರೀಯ ನ್ಯಾಯಮಂಡಲಿಗೆ ಒಪ್ಪಿಸಲಾಯಿತು. 1968ರಲ್ಲಿ ಮಂಡಲಿ ವಿವಾದದ ನೆಲದ ಸುಮಾರು ಹತ್ತನೇ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಟ್ಟಿತು. ಇದಕ್ಕೂ ತಿದ್ದುಪಡಿ ಬೇಕೆಂದು ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 1969ರಲ್ಲಿ ಕೋರ್ಟು ಒಪ್ಪಲಿಲ್ಲ. ಬೇರುಬಾರಿ ಭಾರತದ್ದೆಂದು ನಿಶ್ಚಿತವಾಗಿದ್ದ ನೆಲ. ಇಲ್ಲಿ ಗಡಿಯೇ ನಿಶ್ಚಿತವಾಗಿರಲಿಲ್ಲ. ಆದ್ದರಿಂದ ಇದು ಗಡಿ ಇತ್ಯರ್ಥ, ಸರ್ಕಾರವೇ ಇದನ್ನು ಮುಗಿಸಬಹುದು ಎಂಬುದು ತೀರ್ಪು. ಪ್ರಜೆಗಳ ಹಕ್ಕಿಗೆ ಧಕ್ಕೆ ತರುವ ಅಥವಾ ಇರುವ ಕಾನೂನನ್ನು ಬದಲಿಸುವ ಒಪ್ಪಂದಕ್ಕೆ ಮಾತ್ರ ಶಾಸನ ಬೇಕೆಂಬ ಸೂತ್ರವೂ ಈ ವ್ಯಾಜ್ಯದಲ್ಲೇ ಗಟ್ಟಿಯಾಯಿತು.

ತಮಿಳುನಾಡಿನ ಕಚ್ಚತೀವು ದ್ವೀಪದ ಕಥೆ ಇನ್ನೂ ಜಟಿಲ. 285 ಎಕರೆಯ ಈ ದ್ವೀಪ 1974ರ ಒಪ್ಪಂದದಂತೆ ಶ್ರೀಲಂಕಾದ ಪಾಲಿಗೆ ಹೋಯಿತು. ಸಂವಿಧಾನ ತಿದ್ದುಪಡಿ ಆಗಲಿಲ್ಲ. ಇದು ವಿವಾದದಲ್ಲಿದ್ದ ಕಡಲ ಗಡಿಯ ಇತ್ಯರ್ಥ ಎಂಬುದು ಕೇಂದ್ರದ ನಿಲುವು. ರಾಮನಾಡಿನ ಜಮೀನ್ದಾರಿಗೆ ಸೇರಿದ್ದ ನೆಲವನ್ನು ಬಿಟ್ಟುಕೊಡಲಾಗಿದೆ ಎಂಬುದು ತಮಿಳುನಾಡಿನ ವಾದ. 2008ರಲ್ಲಿ ಜೆ. ಜಯಲಲಿತಾ ಬೇರುಬಾರಿ ಅಭಿಪ್ರಾಯವನ್ನೇ ಮುಂದಿಟ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಹೀಗೆ ಒಂದೇ ಕಾಗದ ದೆಹಲಿಯಲ್ಲಿ ಗಡಿ ಇತ್ಯರ್ಥವಾದರೆ ರಾಮೇಶ್ವರದ ಬೆಸ್ತರಿಗೆ ಕಳೆದುಹೋದ ನೆಲ.

14ರ ಎದುರು 14

ನೆಲದ ಮಾತು ಹೀಗಾದರೆ ಹೊಲದ ಮಾತೇನು? ಕೇಂದ್ರ ಪಟ್ಟಿಯ 14ನೇ ನಮೂದು ಒಡಂಬಡಿಕೆ. ರಾಜ್ಯ ಪಟ್ಟಿಯ 14ನೇ ನಮೂದು ವ್ಯವಸಾಯ. ಒಂದೇ ಸಂಖ್ಯೆಯ ಈ ಎರಡು ಸಾಲುಗಳು 1990ರ ದಶಕದಲ್ಲಿ ಎದುರುಬದುರಾದವು.

ಗ್ಯಾಟ್ ಮಾತುಕತೆಯ ಡಂಕೆಲ್ ಪ್ರಸ್ತಾವಗಳು ಬಂದಾಗ ಅದರ ಬಿಸಿ ಕರ್ನಾಟಕಕ್ಕೆ ಬೇಗ ತಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘ ಬಿತ್ತನೆ ಬೀಜದ ಮೇಲಿನ ಹಕ್ಕಿನ ಪ್ರಶ್ನೆ ಎತ್ತಿ ಬೀದಿಗಿಳಿಯಿತು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ರೈತರು ನುಗ್ಗಿದರು. 1993ರ ಅಕ್ಟೋಬರ್‌ನಲ್ಲಿ ಕಬ್ಬನ್ ಪಾರ್ಕಿನಲ್ಲಿ ಬೃಹತ್ ಸಮಾವೇಶ ನಡೆಯಿತು. ಆದರೆ ಸಂವಿಧಾನದ ಲೆಕ್ಕದಲ್ಲಿ ವಿಧಾನಸೌಧದ ಒಪ್ಪಿಗೆ ಬೇಕಿರಲಿಲ್ಲ. ಸಂಸತ್ತಿನ ಒಪ್ಪಿಗೆಯೂ ಬೇಕಿರಲಿಲ್ಲ. 1994ರ ಏಪ್ರಿಲ್ 15ರಂದು ಮರಕೇಶದಲ್ಲಿ ಭಾರತ ರುಜು ಹಾಕಿತು.

ಮುಂದೆ ನಡೆದದ್ದು ಪಾಠದಂತಿದೆ. ಒಪ್ಪಂದಕ್ಕೆ ತಕ್ಕಂತೆ ಪೇಟೆಂಟ್ ಕಾಯಿದೆಯನ್ನು ಬದಲಿಸಬೇಕಿತ್ತು. 1994ರ ಡಿಸೆಂಬರ್ 31ರಂದು ಸುಗ್ರೀವಾಜ್ಞೆ ಹೊರಟಿತು. ಅದರ ಜಾಗಕ್ಕೆ ತಂದ ಮಸೂದೆ ಲೋಕಸಭೆಯನ್ನು ದಾಟಿ ರಾಜ್ಯಸಭೆಯಲ್ಲಿ ನಿಂತಿತು. 1996ರಲ್ಲಿ ಲೋಕಸಭೆಯೊಂದಿಗೆ ಅದರ ಕಥೆಯೂ ಮುಗಿಯಿತು. ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 1997ರಲ್ಲಿ ಭಾರತ ಸೋತಿತು. ಕೊನೆಗೆ 1999, 2002 ಮತ್ತು 2005ರಲ್ಲಿ ಸಂಸತ್ತೇ ಕಾಯಿದೆಯನ್ನು ತಿದ್ದಿತು. ರುಜುವಿಗೆ ಮೊದಲು ಸಂಸತ್ತನ್ನು ಕೇಳಲಿಲ್ಲ. ರುಜುವಾದ ಮೇಲೆ ಸಂಸತ್ತಿಗೆ ಬೇಡ ಎನ್ನುವ ಸ್ವಾತಂತ್ರ್ಯ ಉಳಿಯಲಿಲ್ಲ. ಶಾಸನ ಮಾಡುವ ಅಧಿಕಾರ ಕಾಗದದ ಮೇಲೆ ಸಂಸತ್ತಿನದೇ. ಏನು ಮಾಡಬೇಕೆಂಬುದು ಮಾತ್ರ ಮೊದಲೇ ತೀರ್ಮಾನವಾಗಿತ್ತು.

2008ರ ಅಣು ಒಪ್ಪಂದದಲ್ಲೂ ಇದೇ ಚಿತ್ರ. ಜುಲೈ 22ರಂದು ಲೋಕಸಭೆ 275-256 ಮತಗಳಿಂದ ಸರ್ಕಾರದ ಮೇಲೆ ವಿಶ್ವಾಸ ಸೂಚಿಸಿತು. ಒಪ್ಪಂದಕ್ಕೇ ಮತ ಹಾಕಲಿಲ್ಲ. ಅದೇ ಒಪ್ಪಂದಕ್ಕೆ ಅಮೆರಿಕದ ಸೆನೆಟ್ 86-13 ಮತಗಳಿಂದ ಒಪ್ಪಿಗೆ ನೀಡಿತು.

ಲಿಖಿತವಲ್ಲದ ಅಧಿಕಾರ

ಹಾಗೆಂದು ರಾಜ್ಯಗಳು ಪೂರ್ತಿ ಅಸಹಾಯಕವೆನ್ನುವಂತಿಲ್ಲ. 1996ರಲ್ಲಿ ಬಾಂಗ್ಲಾದೇಶದೊಡನೆ ಗಂಗಾ ನೀರಿನ ಹಂಚಿಕೆಗೆ 30 ವರ್ಷಗಳ ಒಡಂಬಡಿಕೆಯಾದಾಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಸಹಕಾರವಿತ್ತು. 2011ರಲ್ಲಿ ತೀಸ್ತಾ ನದಿಯ ಒಪ್ಪಂದ ರುಜುವಿಗೆ ಸಿದ್ಧವಾಗಿತ್ತು. ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪದೆ, ಪ್ರಧಾನಿ ಮನಮೋಹನ ಸಿಂಗ್ ಅವರೊಡನೆ ಢಾಕಾಗೆ ಹೋಗಲೂ ನಿರಾಕರಿಸಿದರು. ಒಪ್ಪಂದ ಆಗಲಿಲ್ಲ. ಸಂವಿಧಾನ ಕೊಡದ ಅಧಿಕಾರವನ್ನು ರಾಜಕೀಯ ಕೊಟ್ಟಿತ್ತು. ಆದರೆ ಇದು ಲೋಕಸಭೆಯಲ್ಲಿನ ಸಂಖ್ಯಾಬಲವನ್ನು ನೆಚ್ಚಿದ ಅಧಿಕಾರ. ಕೇಂದ್ರಕ್ಕೆ ಬೇಕಾದ ಪಕ್ಷದ ಮುಖ್ಯಮಂತ್ರಿಗೆ ಇದು ದಕ್ಕುತ್ತದೆ, ಬೇಡವಾದವರಿಗೆ ದಕ್ಕುವುದಿಲ್ಲ.

ಒಡಂಬಡಿಕೆಗಳು ವರ್ಷಕ್ಕೆ ಹತ್ತಾರು ಆಗುತ್ತವೆ. ಎಲ್ಲವನ್ನೂ ಸದನಕ್ಕೆ ತರಲಾದೀತೆ, ಮಾತುಕತೆಯ ಗುಟ್ಟು ಉಳಿದೀತೆ ಎಂದು ಕೇಳುವವರಿದ್ದಾರೆ. ಅದರಲ್ಲೂ ಹುರುಳಿದೆ. ವಿಲ್ಸನ್ನರಿಗಾದ ಗತಿ ನಮ್ಮ ಮುಂದಿದೆ. ಆದರೆ ಎರಡು ತುದಿಗಳ ನಡುವೆ ದಾರಿ ಇಲ್ಲದಿಲ್ಲ. ನಾವು ಯಾರಿಂದ ಈ ಪದ್ಧತಿಯನ್ನು ಕಲಿತೆವೋ ಆ ಬ್ರಿಟನ್ನೇ 2010ರಲ್ಲಿ ಕಾನೂನು ಮಾಡಿ, ಅನುಮೋದನೆಗೆ ಮೊದಲು ಒಡಂಬಡಿಕೆಯನ್ನು 21 ಅಧಿವೇಶನ ದಿನ ಸಂಸತ್ತಿನ ಮುಂದಿಡಬೇಕೆಂದು ಗೊತ್ತುಪಡಿಸಿತು. ನಮ್ಮಲ್ಲಿ ಕನ್ನಡಿಗರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪುನರವಲೋಕನ ಆಯೋಗ 2002ರಲ್ಲಿ, ಕೇಂದ್ರ-ರಾಜ್ಯ ಸಂಬಂಧಗಳ ಪೂಂಛಿ ಆಯೋಗ 2010ರಲ್ಲಿ, 14ನೇ ನಮೂದಿನಡಿ ಶಾಸನ ಬೇಕೆಂದು ಶಿಫಾರಸು ಮಾಡಿದವು. ಶಿಫಾರಸುಗಳು ಕಡತದಲ್ಲಿವೆ.

ಕೇಳಿದ ಒಂದು ಪ್ರಶ್ನೆ

ಬೇರುಬಾರಿ ಕೊನೆಗೆ ಏನಾಯಿತು? ಅರವತ್ತರ ದಶಕವೆಲ್ಲ ಕೋರ್ಟು ವ್ಯಾಜ್ಯಗಳಲ್ಲಿ ಕಳೆಯಿತು. ಹಸ್ತಾಂತರ ಆಗಲೇ ಇಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನವೇ ಇಲ್ಲವಾಗಿ ಬಾಂಗ್ಲಾದೇಶ ಹುಟ್ಟಿತು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜಿಬುರ್ ರೆಹಮಾನ್ ಮಾಡಿಕೊಂಡ ಒಪ್ಪಂದದಲ್ಲಿ ದಕ್ಷಿಣ ಬೇರುಬಾರಿ ಭಾರತಕ್ಕೇ ಉಳಿಯಿತು. ತಡವಾದದ್ದರಿಂದ ಬೇರುಬಾರಿಯವರು ಬದುಕಿಕೊಂಡರು.

ಅದೇ ತಡ ಇನ್ನೊಂದು ಕಡೆ ಜನರನ್ನು ಹಿಂಡಿತು. ಬಾಂಗ್ಲಾದೇಶದ ಒಳಗೆ ದ್ವೀಪಗಳಂತೆ ಸಿಕ್ಕಿಕೊಂಡ ಭಾರತದ ತುಂಡು ನೆಲಗಳು 111. ಭಾರತದ ಒಳಗೆ ಬಾಂಗ್ಲಾದೇಶದವು 51. ಇವುಗಳನ್ನು ಬದಲಾಯಿಸಿಕೊಳ್ಳಲು 1974ರಲ್ಲೇ ರುಜುವಾಗಿತ್ತು. ಬೇರುಬಾರಿ ಅಭಿಪ್ರಾಯದಂತೆ ಇದಕ್ಕೂ ಸಂವಿಧಾನ ತಿದ್ದುಪಡಿ ಬೇಕು. ಅದು ಬಂದದ್ದು 2015ರ ಮೇ ತಿಂಗಳಲ್ಲಿ, ನೂರನೇ ತಿದ್ದುಪಡಿಯಾಗಿ. ಈ 41 ವರ್ಷ ಐವತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮದೆನ್ನುವ ದೇಶದ ಮತದಾನ, ಪೊಲೀಸು, ಶಾಲೆ ಯಾವುದೂ ಎಟುಕದೆ ಬದುಕಿದರು. ಸಂಸತ್ತಿನ ಒಪ್ಪಿಗೆ ಬೇಕೆಂಬ ನಿಯಮ ಒಂದು ಊರನ್ನು ಕಾಯಿತು, ಇನ್ನೊಂದು ಕಡೆಯ ಊರುಗಳನ್ನು ಕಾಯಿಸಿತು.

2015ರ ಜುಲೈ 31ರ ನಡುರಾತ್ರಿ ಆ ನೆಲಗಳು ಅದಲುಬದಲಾದವು. ಅದಕ್ಕೆ ಮೊದಲು ಎರಡೂ ದೇಶಗಳ ಅಧಿಕಾರಿಗಳು ಮನೆಮನೆಗೆ ಹೋಗಿ, ನಿಮಗೆ ಯಾವ ದೇಶದ ಪೌರತ್ವ ಬೇಕೆಂದು ಕೇಳಿ ಬರೆದುಕೊಂಡರು. ಭಾರತದೊಳಗಿದ್ದವರಲ್ಲಿ ಒಬ್ಬರೂ ಬಾಂಗ್ಲಾದೇಶಕ್ಕೆ ಹೋಗಲಿಲ್ಲ. ಬಾಂಗ್ಲಾದೇಶದೊಳಗಿದ್ದವರಲ್ಲಿ ಸುಮಾರು ಸಾವಿರ ಮಂದಿ ಭಾರತವನ್ನು ಆರಿಸಿಕೊಂಡರು. ಕೇಳಿದ್ದರಿಂದ ಯಾವ ದೇಶದ ಸಾರ್ವಭೌಮತ್ವಕ್ಕೂ ಕುಂದು ಬರಲಿಲ್ಲ, ಒಪ್ಪಂದವೂ ಮುರಿಯಲಿಲ್ಲ. ಹಾಗೆ ಕೇಳಲೇಬೇಕೆಂದು ನಮ್ಮ ಸಂವಿಧಾನದ ಯಾವ ವಿಧಿಯೂ ಹೇಳುವುದಿಲ್ಲ. ಸಂಸತ್ತನ್ನು, ರಾಜ್ಯವನ್ನು, ಊರಿನವರನ್ನು ಯಾವಾಗ ಕೇಳಬೇಕೆಂದು ಬರೆದಿಡುವ ಅಧಿಕಾರ 14ನೇ ನಮೂದಿನಲ್ಲಿ 1950ರಿಂದಲೂ ಸಂಸತ್ತಿನ ಕೈಯಲ್ಲೇ ಇದೆ.